ಒಂದು ಸೈಜು ದೊಡ್ಡದು

ದೊಡ್ಡ ಟರ್ಬೊ ಹಾಕಿಸಿದರೆ ಲಾರಿ ಜೋರಾಗಿ ಓಡುತ್ತದೆ ಎಂದು ನಂಬಿದವರನ್ನೆಲ್ಲ ಒಂದು ಕಡೆ ಸೇರಿಸಿದ್ದರೆ ಹುಬ್ಬಳ್ಳಿಯಿಂದ ಒಬ್ಬ ಶಾಸಕನನ್ನೇ ಆರಿಸಿ ಕಳಿಸಬಹುದಿತ್ತು. ಇಪ್ಪತ್ತಾರು ವರ್ಷ ಅವರಿಗೆ ಬುದ್ಧಿ ಹೇಳುವುದೇ ನನ್ನ ಕಸುಬಾಗಿತ್ತು. ನನ್ನ ಹೆಸರು ಮೌನೇಶ ಕಮ್ಮಾರ. ಮೌನವೆಲ್ಲ ಹೆಸರಿನಲ್ಲೇ ಮುಗಿದುಹೋಗಿದೆ, ಬಾಯಿಗೆ ಒಂದಿಷ್ಟೂ ಉಳಿದಿಲ್ಲ ಎಂದು ನನ್ನ ಹೆಂಡತಿ ಕಸ್ತೂರಿ ಮದುವೆಯಾದ ಹೊಸತರಲ್ಲೇ ತೀರ್ಪು ಕೊಟ್ಟಿದ್ದಳು.

ಇಂಜಿನ್ ಕೂಡ ಉಸಿರಾಡುತ್ತದೆ. ಅದು ಬಿಟ್ಟ ಹೊಗೆ ಹೊರಗೆ ಓಡುವಾಗ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಟರ್ಬೊ ಎಂದರೆ ಇಷ್ಟೇ. ಚಕ್ರ ಸಣ್ಣದಿದ್ದರೆ ಎಕ್ಸಲರೇಟರ್ ಮುಟ್ಟಿದ ಕೂಡಲೆ ತಿರುಗುತ್ತದೆ, ಆದರೆ ಪೂರ್ತಿ ಲೋಡು ಹೊತ್ತು ಏರು ಹತ್ತುವಾಗ ಅದು ಕೊಡುವ ಗಾಳಿ ಸಾಲದು. ದೊಡ್ಡದಿದ್ದರೆ ಅರಬೈಲ್ ಘಟ್ಟವನ್ನು ನಗುನಗುತ್ತ ಹತ್ತಿಸುತ್ತದೆ, ಆದರೆ ತುಳಿದ ಮೇಲೆ ಅದು ಎದ್ದು ತಿರುಗುವುದಕ್ಕೆ ಹೊತ್ತು ಬೇಕು. ಪುಸ್ತಕದಲ್ಲಿ ಇದಕ್ಕೆ ಲ್ಯಾಗ್ ಎಂದು ಹೆಸರು. ನಮ್ಮ ಗ್ಯಾರೇಜಿಗೆ ಬರುತ್ತಿದ್ದ ಡ್ರೈವರುಗಳು ‘ಚಕ್ರ ನಿದ್ದಿ ಮಾಡ್ತೈತಿ’ ಎನ್ನುತ್ತಿದ್ದರು.

“ಒಂದ್ ಸೈಜ್ ದೊಡ್ಡದು ಹಾಕಿ ಬಿಡ್ರಿ ಮಿಸ್ತ್ರಿ,” ಎಂದು ವಾರಕ್ಕೊಬ್ಬನಾದರೂ ಬಂದು ಕೇಳುತ್ತಿದ್ದ.

“ಹಾಕ್ತೀನಿ. ಆದ್ರ ಎದುರಿಗೆ ಬಸ್ ಬಂತಂದ್ರ, ನನ್ನ ಟರ್ಬೊ ಇನ್ನೂ ಎದ್ದಿಲ್ಲ, ಸ್ವಲ್ಪ ತಡೀಪಾ ಅಂತ ಆ ಬಸ್ಸಿನವಗ ನೀನಽ ಕೈ ಮುಗೀಬೇಕು,” ಎನ್ನುತ್ತಿದ್ದೆ ನಾನು.

ಆಮೇಲೆ ಬ್ಯಾಟರಿ ಲಾರಿಗಳು ಬಂದವು. ಅವಕ್ಕೆ ಹೊಗೆಯೂ ಇಲ್ಲ, ಟರ್ಬೊವೂ ಇಲ್ಲ, ನಿದ್ದೆಯಂತೂ ಮೊದಲೇ ಇಲ್ಲ. ಗೋಕುಲ ರಸ್ತೆಯ ನನ್ನ ಗ್ಯಾರೇಜಿನಲ್ಲಿ ನಾನೂ ನನ್ನ ಸ್ಕ್ರೂಡ್ರೈವರೂ ಮುಖ ಮುಖ ನೋಡುತ್ತ ಕೂತೆವು. ಆ ವರ್ಷವೇ ಊರಿಗೆ ಗಡಸುಜ್ವರ ಬಂತು. ದೊಡ್ಡವರನ್ನು ಎರಡು ದಿನ ಮಲಗಿಸಿ ಎಬ್ಬಿಸಿತು. ಮಕ್ಕಳಲ್ಲಿ ಮಾತ್ರ ಅದು ಗುರುತು ಬಿಟ್ಟು ಹೋಯಿತು. ಅವರ ಪುಪ್ಪುಸ ಹಳೆಯ ರಬ್ಬರ್ ಪೈಪಿನ ಹಾಗೆ ಬಿರುಸಾಗಿ, ಒಳಗೆಳೆದ ಗಾಳಿ ಪೂರ್ತಿ ತುಂಬದಾಯಿತು. ನಮ್ಮ ಒಬ್ಬಳೇ ಮಗಳು ಶಾಲ್ಮಲಾ, ನಮ್ಮ ಬಾಯಲ್ಲಿ ಶಾಲಿ, ಆಗ ಆರು ವರ್ಷದವಳು. ಮನೆಯ ಮುಂದಿನ ಮೆಟ್ಟಿಲುಗಳಲ್ಲಿ ಮೂರು ಹತ್ತಿ, ನಾಲ್ಕನೆಯದರ ಮೇಲೆ ಕೂತು, “ಅಪ್ಪಾ, ಎತ್ಕೋ,” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಧಾರವಾಡದ ಸಂಶೋಧನಾಲಯವೊಂದರಿಂದ ಡಾಕ್ಟರ್ ರೇಣುಕಾ ಇನಾಮದಾರ ಎಂಬವರು ನನ್ನನ್ನು ಹುಡುಕಿಕೊಂಡು ಬಂದರು. ಬೆಂಚಿನ ಮೇಲಿನ ಎಣ್ಣೆ ಕಲೆಯನ್ನು ಲೆಕ್ಕಿಸದೆ ಕೂತು, ಚೀಲದಿಂದ ಒಂದು ಡಬ್ಬಿ ತೆಗೆದರು. ಅದರೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಟರ್ಬೊ ಇತ್ತು.

“ಇದು ಗಂಟಲ ಕೆಳಗ, ಉಸಿರಿನ ಕೊಳವಿಯೊಳಗ ಕೂಡೂದು,” ಎಂದರು. “ಮಗು ಬಿಟ್ಟ ಉಸಿರು ಒಂದು ಚಕ್ರ ತಿರಗಸ್ತದ. ಇನ್ನೊಂದು ಚಕ್ರ ತಾಜಾ ಗಾಳಿ ಒತ್ತಿ ಒಳಗ ಕಳಸ್ತದ. ಬ್ಯಾಟರಿ ಮೋಟರ್ ಹಾಕಿ ನೋಡಿದ್ವಿ. ಅದಕ್ಕ ಉಸಿರಿನ ಲಯ ತಿಳೀಲಿಲ್ಲ, ಮಕ್ಕಳು ಅದರ ಜೋಡಿ ಗುದ್ದಾಡಿ ಸುಸ್ತಾದ್ರು. ಇದಾದ್ರ ಅವರ ಉಸಿರಿನಿಂದನಽ ನಡೀತದ. ಆದ್ರ ಇಷ್ಟು ಸಣ್ಣ ಚಕ್ರ ತೂಕಕ್ಕ ತರೋ ಕೈ ನಮ್ಮಲ್ಲಿ ಯಾರಿಗೂ ಇಲ್ರಿ. ಟರ್ಬೊ ಮಿಸ್ತ್ರಿಗಳೆಲ್ಲ ಕಸುಬು ಬಿಟ್ಟಾರ.”

ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಆ ಟರ್ಬೊಗೆ ತಾಗಿಸಿ, ಬಾಯಿಂದ ಊದಿದೆ. ಚಕ್ರ ಸಣ್ಣಗೆ ಶಿಳ್ಳೆ ಹಾಕಿತು. ಶಿಳ್ಳೆಯೊಳಗೆ ಒಂದು ನಡುಕವಿತ್ತು.

“ಒಂದು ರೆಕ್ಕಿ ದಪ್ಪ ಐತ್ರಿ,” ಎಂದೆ. ಮೇಡಂ ನಕ್ಕರು. ಮರುದಿನದಿಂದ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗತೊಡಗಿದೆ.

ಪ್ರಯೋಗಶಾಲೆಯಲ್ಲಿ ನನಗೊಂದು ಬಿಳಿ ಕೋಟು ಕೊಟ್ಟರು. ಒಂದೂವರೆ ವರ್ಷದಲ್ಲಿ ನಲವತ್ತು ಮಕ್ಕಳಿಗೆ ನಾವು ಉಸಿರುಚಕ್ರ ಕೂಡಿಸಿದೆವು. ಶಾಲ್ಮಲಾಗೆ ಏಳು ತುಂಬಿ, ಅವಳ ಸರದಿ ಬಂತು. ಆ ಮೇ ತಿಂಗಳಿನ ಒಂದು ಬೆಳಿಗ್ಗೆ ಮೇಡಂ ನನ್ನ ಮುಂದೆ ಎರಡು ಚಕ್ರಗಳನ್ನು ಇಟ್ಟರು. ಒಂದು ಹನ್ನೆರಡು ಮಿಲಿಮೀಟರಿನದು, ಇನ್ನೊಂದು ಹದಿನೈದರದು.

“ಏಳು ವರ್ಷದ ಕೂಸಿಗೆ ಹನ್ನೆರಡಽ ಸರಿ. ನಾಕು ವರ್ಷಕ್ಕ ಬೆಳೀತಾಳ, ಆಗ ಬದಲಿ ಮಾಡೋಣ. ಹದಿನೈದು ಹಾಕಿದ್ರ ಇನ್ನೊಮ್ಮೆ ಕೊಯ್ಯೂದು ತಪ್ಪತದ, ಖರೆ. ಆದ್ರ ಈಗ ಆಕಿ ಉಸಿರಿಗೆ ಅದು ಭಾರ. ಏಳೂದಕ್ಕ ಸುಮಾರು ಮೂರು ಸೆಕೆಂಡ್ ಬೇಕು. ನಿಯಮದಾಗ ಎರಡೂ ನಡೀತಾವ. ನನ್ನ ಕೇಳಿದ್ರ ಸಣ್ಣದು ಅಂತೀನಿ.”

ಮೂರು ಸೆಕೆಂಡ್ ಎಂದರೆ ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಯಾರಿದ್ದರು? ಬುದ್ಧಿ ಹೇಳುವವನಿಗೆ ತನ್ನ ಮನೆಯ ಮಾತು ಬಂದಾಗ ಬುದ್ಧಿ ಇರುವುದಿಲ್ಲ ಎನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ. ಆ ನಲವತ್ತರಲ್ಲಿ ಚಕ್ರ ಸರಿಯಾಗಿ ಕೂಡದೆ ಎರಡನೇ ಸಲ ಕೊಯ್ಯಿಸಿಕೊಂಡ ಐದು ಮಕ್ಕಳಲ್ಲಿ ಇಬ್ಬರು ಉಳಿದಿರಲಿಲ್ಲ. ಆ ಇಬ್ಬರ ಅಪ್ಪಂದಿರು ವರಾಂಡದಲ್ಲಿ ಕೂತದ್ದನ್ನು ನಾನು ನೋಡಿದ್ದೆ.

“ಸಂಜೀ ತನಕ ಯೋಚನೆ ಮಾಡ್ರಿ,” ಎಂದರು ಮೇಡಂ.

ಆ ಮಧ್ಯಾಹ್ನ ಕಸ್ತೂರಿ ಫೋನ್ ಮಾಡಿ, ಶಾಲಿಗೆ ಯೂನಿಫಾರ್ಮು ತರಬೇಕೆಂದು ದುರ್ಗದಬೈಲಿನ ಪೇಟೆಗೆ ಕರೆದಳು. ಆಪರೇಷನ್ ಆದ ಮೇಲೆ ಜೂನಿನಲ್ಲಿ ಮಗಳು ಶಾಲೆಗೆ ಹೋಗುತ್ತಾಳೆ ಎಂದು ಅವಳು ಮನಸ್ಸಿನಲ್ಲಿ ನಿಶ್ಚಯ ಮಾಡಿಬಿಟ್ಟಿದ್ದಳು. ಅಂಗಡಿಯವನು ಅಳತೆಗೆ ತಕ್ಕ ನೀಲಿ ಸ್ಕರ್ಟು ಕೊಟ್ಟ. ಕಸ್ತೂರಿ ಅದನ್ನು ಅವನಿಗೇ ತಿರುಗಿ ಕೊಟ್ಟಳು.

“ಬೆಳಿಯೋ ಹುಡುಗಿ ಐತ್ರಿ. ಒಂದು ಸೈಜು ದೊಡ್ಡದು ಕೊಡ್ರಿ. ಒಳಗ ಮಡಿಕಿ ಹಾಕಿ ಹೊಲೀತೀನಿ.”

ನಮ್ಮಲ್ಲಿ ಮಕ್ಕಳಿಗೆ ಅಳತೆಗೆ ಸರಿಯಾದದ್ದನ್ನು ಯಾರು ತರುತ್ತಾರೆ? ಚಪ್ಪಲಿಗೆ ಅರಿವೆ ತುರುಕಿ, ಅಂಗಿಯ ತೋಳು ಮಡಚಿ, ಸ್ಕರ್ಟಿಗೆ ಮೂರು ಮಡಿಕೆ ಹೊಲಿದು, ಬೆಳೆಯಲಿ ಎಂದು ಬಿಡುತ್ತೇವೆ. ದೊಡ್ಡದನ್ನು ತರುವುದೆಂದರೆ ಮಗು ಬೆಳೆಯುತ್ತದೆ ಎಂದು ನಂಬುವುದು. ಶಾಲಿ ಆ ಸ್ಕರ್ಟನ್ನು ಎದೆಗೆ ಹಿಡಿದು ನಿಂತಾಗ ಅದು ಪಾದ ಮುಟ್ಟುತ್ತಿತ್ತು. ಅವಳು ಅಷ್ಟೆತ್ತರ ಬೆಳೆದು ನಿಂತದ್ದು ನನ್ನ ಕಣ್ಣಿಗೆ ಕಟ್ಟಿತು. ಸಂಜೆ ಧಾರವಾಡಕ್ಕೆ ಹಿಂತಿರುಗಿ ಹದಿನೈದಕ್ಕೆ ಸಹಿ ಹಾಕಿದೆ.

“ರೆಕ್ಕಿ ತೀಡಿ ತೀಡಿ ಹಗರು ಮಾಡ್ತೀನ್ರಿ ಮೇಡಂ. ಎರಡು ಸೆಕೆಂಡಿಗಿ ತಂದು ಕೊಡ್ತೀನಿ, ನನ್ನ ಕೈ ಮ್ಯಾಲೆ ವಿಶ್ವಾಸ ಇಡ್ರಿ,” ಎಂದೆ.

ಅವರು ನನ್ನ ಕೈಗಳನ್ನು ನೋಡಿದರು. “ನಿಮ್ಮ ಮನಿಯವರಿಗೂ ಒಪ್ಪಿಗಿ ಅದನೋ?”

“ಐತ್ರಿ,” ಎಂದೆ. ಮನೆಯಲ್ಲಿ ಕಸ್ತೂರಿಗೆ ಎರಡು ಸೈಜುಗಳಿದ್ದವೆಂಬುದನ್ನೇ ಹೇಳಲಿಲ್ಲ. “ಡಾಕ್ಟರ್ ಅಳತಿ ತೊಗೊಂಡು ಬರೋಬರಿ ಆಗೂದು ಆರಿಸ್ಯಾರ,” ಎಂದೆ. ಅವಳು ದೇವರಿಗೆ ದೀಪ ಹಚ್ಚಿದಳು. ಹನ್ನೊಂದು ದಿನ ತೀಡಿ ಆ ಚಕ್ರವನ್ನು ಎರಡು ಸೆಕೆಂಡಿಗೆ ತಂದೆ. ಅಷ್ಟು ಚೆಂದದ ಕೆಲಸ ನಾನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಶಾಲಿಯ ಉಸಿರಿಗೆ ಒಂದು ಸಣ್ಣ ಶಿಳ್ಳೆ ಬಂತು. ಅದನ್ನು ಕೇಳಿಯೇ ಅವಳು ಯಾವ ಕೋಣೆಯಲ್ಲಿದ್ದಾಳೆಂದು ಹೇಳಬಹುದಿತ್ತು. ಎರಡು ಸೆಕೆಂಡಿನ ನಿದ್ದೆಗೆ ನಾವೊಂದು ಉಪಾಯ ಕಲಿಸಿದೆವು. ಏಳುವ ಮೊದಲು, ಓಡುವ ಮೊದಲು, ಕೂಗುವ ಮೊದಲು ಎರಡು ಸಲ ‘ಫೂ ಫೂ’ ಎಂದು ಊದಬೇಕು. ಆಗ ಚಕ್ರ ಎಚ್ಚರಗೊಂಡಿರುತ್ತದೆ. ಅವಳು ಎಂಟು ದಿನದಲ್ಲಿ ಕಲಿತಳು. ಒಮ್ಮೆ ಚಕ್ರ ಎದ್ದಿತೆಂದರೆ ಅವಳನ್ನು ಹಿಡಿಯುವವರಿರಲಿಲ್ಲ. ಹನ್ನೆರಡರ ಚಕ್ರದ ಮಕ್ಕಳು ಮೈದಾನದ ಅರ್ಧಕ್ಕೆ ಕೂರುತ್ತಿದ್ದರು, ನಮ್ಮವಳು ಪೂರ್ತಿ ಸುತ್ತು ಹಾಕಿ ಬರುತ್ತಿದ್ದಳು. ಎರಡನೇ ವರ್ಷ ಓಟದಲ್ಲಿ ಜ್ವರ ಮುಟ್ಟದ ಪುಪ್ಪುಸದ ಹುಡುಗಿಯರ ನಡುವೆ ಎರಡನೇ ಬಹುಮಾನ ತಂದಳು. ಬಹುಮಾನಕ್ಕೆ ಬಂದ ಸ್ಟೀಲಿನ ಡಬ್ಬಿಯನ್ನು ಪ್ರಯೋಗಶಾಲೆಗೆ ಒಯ್ದು ಮೇಡಂಗೆ ತೋರಿಸಿದೆ. ನಾನು ಗೆದ್ದೆ ಎಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

ಕಷ್ಟವಾದದ್ದು ನಗುವಿನ ವಿಷಯಕ್ಕೆ. ನಗು ಹೇಳಿ ಕೇಳಿ ಬರುವುದಿಲ್ಲವಲ್ಲ. ನಾನು ಏನಾದರೂ ತಮಾಷೆ ಹೇಳತೊಡಗಿದರೆ ಶಾಲಿ ಬೆರಳೆತ್ತಿ, “ತಡಿ ಅಪ್ಪಾ,” ಎನ್ನುತ್ತಿದ್ದಳು. ನಾನು ಕೊನೆಯ ಮಾತನ್ನು ಬಾಯಲ್ಲೇ ಹಿಡಿದು ಕಾಯುತ್ತಿದ್ದೆ. ಅವಳು ಫೂ ಫೂ ಎಂದು ಊದಿ, “ಹ್ಞೂಂ, ಈಗ ಹೇಳು,” ಎನ್ನುತ್ತಿದ್ದಳು. ಹೇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮುಂಗಡ ತಿಳಿಸಿ ನಗುವ ಮಗಳು ಜಗತ್ತಿನಲ್ಲಿ ನನಗೊಬ್ಬನಿಗೇ ಇದ್ದಳು.

ಪ್ರತಿ ಜೂನಿನಲ್ಲಿ ಕಸ್ತೂರಿ ಸ್ಕರ್ಟಿನ ಒಂದು ಮಡಿಕೆ ಬಿಚ್ಚುತ್ತಿದ್ದಳು. ಬಿಚ್ಚಿದ ಕಡೆ ಬಣ್ಣ ಮಾಸದ ಗಾಢ ನೀಲಿಯ ಒಂದು ಪಟ್ಟಿ ಉಳಿಯುತ್ತಿತ್ತು. ಶಾಲಿಗೆ ಒಂಬತ್ತು ತುಂಬಿದಾಗ ಅಂಥ ಎರಡು ಪಟ್ಟಿಗಳಾಗಿದ್ದವು, ಒಳಗೆ ಇನ್ನೊಂದು ಮಡಿಕೆ ಇತ್ತು.

ಶ್ರಾವಣದ ಒಂದು ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಶಾಲಿ ಕಟಿರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ಗಬಗಬ ತಿಂದು ಬಿಕ್ಕಳಿಸತೊಡಗಿದಳು.

“ಯಾರೋ ನೆನಸಾಕತ್ತಾರ ನಿನ್ನ,” ಎಂದಳು ಕಸ್ತೂರಿ, ನೀರು ಕೊಡುತ್ತ. “ಯಾರಿರಬೇಕು? ನಿಮ್ಮ ಮಾವ?”

ಮಾವನ ಹೆಸರಿಗೆ ನಿಲ್ಲಲಿಲ್ಲ, ಅಜ್ಜಿಯ ಹೆಸರಿಗೆ ನಿಲ್ಲಲಿಲ್ಲ, ಏಳು ಗುಟುಕು ನೀರಿಗೂ ನಿಲ್ಲಲಿಲ್ಲ. ಶಾಲಿಗೆ ಅದೇ ಒಂದು ಆಟವಾಗಿ, ಪ್ರತಿ ಬಿಕ್ಕಿಗೂ ಕಣ್ಣರಳಿಸಿ ನನ್ನನ್ನು ನೋಡುತ್ತಿದ್ದಳು. ಆಗ ಕಸ್ತೂರಿ, ಅವಳ ಅವ್ವ ಅವಳಿಗೆ ಮಾಡಿದ್ದನ್ನೇ, ಅವರವ್ವ ಅವರಿಗೆ ಮಾಡಿದ್ದನ್ನೇ ಮಾಡಿದಳು. ಬಿಕ್ಕಳಿಕೆ ನಿಲ್ಲಬೇಕಾದರೆ ಮಕ್ಕಳ ಮೇಲೆ ಒಂದು ಸುಳ್ಳು ಕಳವು ಹೊರಿಸಬೇಕು. ನಮ್ಮ ಕಡೆ ಯಾವ ಮನೆಯಲ್ಲಿ ಇದನ್ನು ಮಾಡಿಲ್ಲ? ಮುಖ ಬಿಗಿದುಕೊಂಡು ಅವಳೆಂದಳು:

“ಅಲ್ಲಽ ಶಾಲಿ, ನಿಮ್ಮ ಟೀಚರ್ ಫೋನ್ ಮಾಡಿದ್ರು. ಶಶಿಕಲಾನ ಕಂಪಾಸ್ ಪೆಟಿಗಿ ನೀ ಕದ್ದೀಯಂತ?”

ಬಿಕ್ಕಳಿಕೆ ನಿಂತಿತು. ಶಾಲಿಯ ಉಸಿರೂ ಹಿಡಿದುಕೊಂಡಿತು. ಮುಖ ಕೆಂಪಾಗಿ ಬಾಯಿ ತೆರೆದಳು. “ಇಲ್ಲವ್ವಾ, ನಾ ಕದ್ದಿಲ್ಲ,” ಎನ್ನಬೇಕಿತ್ತು ಅವಳಿಗೆ. “ನಾ” ಎಂದಳು, ಅಷ್ಟೇ. ಮುಂದಿನ ಮಾತಿಗೆ ಗಾಳಿ ಇರಲಿಲ್ಲ. ಶಿಳ್ಳೆ ಕೇಳಿಸುತ್ತಿರಲಿಲ್ಲ.

“ಫೂ ಮಾಡು ಶಾಲಿ! ಫೂ ಮಾಡು!” ಎಂದು ನಾನು ಕೂಗಿದೆ. ಊದಲು ಅವಳೊಳಗೆ ಏನೂ ಉಳಿದಿರಲಿಲ್ಲ. ಬಿಕ್ಕಳಿಕೆ ಇದ್ದಬದ್ದದ್ದನ್ನೆಲ್ಲ ಹೊರಗೆ ಹಾಕಿತ್ತು. ಅವಳು ಗಾಬರಿಯಿಂದ ಅವ್ವನ ಸೆರಗು ಹಿಡಿದು, ತಲೆಯನ್ನು ಇಲ್ಲ ಇಲ್ಲ ಎಂಬಂತೆ ಆಡಿಸಿದಳು. ನಾನು ಬಾಯಿಗೆ ಬಾಯಿಟ್ಟು ಊದಿದೆ. ನಿಂತ ಚಕ್ರ ದಾರಿಗಡ್ಡವಾಗಿ ನನ್ನ ಉಸಿರನ್ನು ನನಗೇ ತಿರುಗಿ ಕೊಟ್ಟಿತು. ಆಂಬುಲೆನ್ಸು ಬಂದದ್ದು ಎಂಟು ನಿಮಿಷಕ್ಕೆ. ಶಾಲಿ ಅಷ್ಟು ಹೊತ್ತು ಕಾಯಲಿಲ್ಲ.

ಹದಿನೈದನೆಯ ದಿನ ಪ್ರಯೋಗಶಾಲೆಗೆ ಹೋದೆ. ಮೇಡಂ ಅವಳ ಚಕ್ರವನ್ನು ತೊಳೆದು ಹತ್ತಿಯಲ್ಲಿ ಇಟ್ಟಿದ್ದರು. ಪರೀಕ್ಷೆ ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಬಿಕ್ಕಳಿಸಿ ಬರಿದಾದ ಎದೆಯಲ್ಲಿ ಉಳಿಯುವಷ್ಟೇ ಗಾಳಿಯನ್ನು ಯಂತ್ರದಿಂದ ಊದಿದೆವು. ಹನ್ನೆರಡರ ಚಕ್ರ ಅರೆ ಸೆಕೆಂಡಿನೊಳಗೆ ಎದ್ದು ಶಿಳ್ಳೆ ಹಾಕಿತು. ಹದಿನೈದರದು ಕಾಲು ಸುತ್ತು ತಿರುಗಿ ನಿಂತಿತು. ಹತ್ತು ಸಲ ಮಾಡಿದೆ. ಹತ್ತು ಸಲವೂ ಕಾಲು ಸುತ್ತು.

“ನನ್ನ ಸಹಿನೂ ಅದ ಮೌನೇಶ,” ಎಂದರು ಮೇಡಂ. ಅವರ ಕಣ್ಣುಗಳು ತುಂಬಿದ್ದವು. “ಇನ್ನು ಮುಂದ ಪಾಲಕರಿಗೆ ಆರಸಲಿಕ್ಕೆ ಬಿಡೂದಿಲ್ಲ. ಆದ್ರ ನಿಮ್ಮ ಮನಿಯವರಿಗೆ ನೀವು ಹೇಳಬೇಕು. ತನ್ನ ಮಾತಿನಿಂದ ಕೂಸು ಹೋತು ಅಂತ ಆ ತಾಯಿ ಕೂತಾಳ.”

“ಹೇಳ್ತೀನ್ರಿ,” ಎಂದೆ. ಎರಡೂ ಚಕ್ರಗಳನ್ನು ಕೇಳಿ ಇಸಿದುಕೊಂಡು ಕಿಸೆಯಲ್ಲಿಟ್ಟೆ. ಮೂರು ತಿಂಗಳು ಅವು ಕಿಸೆಯಲ್ಲೇ ಇದ್ದವು.

ಹೇಳಲಿಲ್ಲ. ನನ್ನ ಬಾಯಿಗೆ ಮೌನ ಬಂದದ್ದು ಆಗ. ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಬಂದವರಿಗೆ ಚಹಾ ಕೊಡುತ್ತಿದ್ದಳು. ಆದರೆ ಬಂದವರೆಲ್ಲರ ಮುಂದೆ ಒಂದೇ ಮಾತು ಹೇಳುತ್ತಿದ್ದಳು: “ನಾನಽ ಆಕಿಗೆ ಕಳ್ಳಿ ಅಂದೆ. ಅದನ್ನ ಕೇಳಿಸಿಕೊಂಡಽ ಹ್ವಾದ್ಳು.” ನೆರೆಯವರು, ಹಾಗೆಲ್ಲ ಅನ್ನಬ್ಯಾಡ, ಆಯುಷ್ಯ ಅಷ್ಟಽ ಇತ್ತು ಎನ್ನುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಅವಳ ತಲೆಯ ಮೇಲಿನ ಹೊರೆ ನನ್ನದೆಂದು ಗೊತ್ತಿದ್ದೂ ನೋಡುತ್ತ ಕೂತ ಹೇಡಿ ನಾನು.

ದೀಪಾವಳಿ ಕಳೆದ ವಾರ, ಬೆಳಗಿನ ಹೊತ್ತು, ಕಸ್ತೂರಿಗೆ ಬಿಕ್ಕಳಿಕೆ ಬಂತು. ಒಲೆಯ ಮುಂದೆ ಕೂತವಳು ಒಂದೇ ಸಮನೆ ಬಿಕ್ಕತೊಡಗಿದಳು. ನಾನು ತಂಬಿಗೆಯಲ್ಲಿ ನೀರು ತಂದು ಹಿಡಿದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು.

“ಬ್ಯಾಡ್ರಿ. ಇರ್ಲಿ ಬಿಡ್ರಿ.”

“ನೀರು ಕುಡೀ, ನಿಲ್ತೈತಿ.”

“ನಿಲ್ಲೂದು ಬ್ಯಾಡ.” ಒಂದು ಬಿಕ್ಕು ಬಂದು ಹೋಯಿತು. “ಆಕಿ ನೆನಸಾಕತ್ತಾಳ್ರಿ. ಕಳ್ಳಿ ಅಂದ ಅವ್ವನ್ನ ನೆನಸಾಕತ್ತಾಳ. ನೆನಸಲಿ. ನೀರು ಕುಡದು ಆಕಿ ನೆನಪ ಕೆಡಿಸಲಿ ಏನು?”

ಅವಳ ಮುಖದಲ್ಲಿ ಮೂರು ತಿಂಗಳಲ್ಲಿ ಕಾಣದಿದ್ದ ಒಂದು ಬೆಳಕಿತ್ತು. ಅದನ್ನು ನೋಡಲಾಗಲಿಲ್ಲ. ತಂಬಿಗೆ ಕೆಳಗಿಟ್ಟು, ಕಿಸೆಯಿಂದ ಎರಡೂ ಚಕ್ರ ತೆಗೆದು ಅವಳ ಹಿಟ್ಟಿನ ಅಂಗೈಯಲ್ಲಿ ಇಟ್ಟೆ.

“ನಿನ್ನ ಮಾತಿನಿಂದ ಹೋಗಿಲ್ಲ ಕಸ್ತೂರಿ. ಈ ಸಣ್ಣದು ಹಾಕೂಣು ಅಂದಿದ್ರು ಡಾಕ್ಟರು. ಇದಾಗಿದ್ರ ನೀ ಏನಂದ್ರೂ ಆಕಿ ಉಸಿರು ತಿರುಗಿ ಬರ್ತಿತ್ತು. ಅತಗೋತ ನಿನ್ನ ಜೋಡಿ ಜಗಳಾ ಮಾಡತಿದ್ಲು. ದೊಡ್ಡದು ಹಾಕ್ರಿ ಅಂತ ಹೇಳಿ ಸಹಿ ಮಾಡಿದಾಂವ ನಾನು. ನಿನಗ ಸುಳ್ಳು ಹೇಳಿದೆ.”

ಅವಳು ಅಂಗೈ ನೋಡಿದಳು, ನನ್ನನ್ನು ನೋಡಿದಳು. ಸಣ್ಣದನ್ನೊಮ್ಮೆ ದೊಡ್ಡದನ್ನೊಮ್ಮೆ ಬೆರಳಿನಿಂದ ತಿರುಗಿಸಿದಳು. ಏನು ಹೇಳುತ್ತಾಳೋ, ಹೊಡೆಯುತ್ತಾಳೋ, ಹೊಡೆಯಲಿ ಎಂದು ಕಾದೆ.

“ಯಾಕ ದೊಡ್ಡದು ಹಾಕ್ಸಿದ್ರಿ?” ಎಂದಳು.

“ಬೆಳೀತಾಳ ಅಂತ.”

ಅವಳು ಎದ್ದು ಒಳಗೆ ಹೋದಳು. ಟ್ರಂಕು ತೆಗೆದ ಸದ್ದು ಕೇಳಿತು. ನೀಲಿ ಸ್ಕರ್ಟನ್ನು ತಂದು ನನ್ನ ಮುಂದೆ ಕೂತು, ಅಂಚನ್ನು ತಿರುವಿ ತೋರಿಸಿದಳು. ಎರಡು ಗಾಢ ಪಟ್ಟಿಗಳ ಕೆಳಗೆ ಕೊನೆಯ ಮಡಿಕೆ ಇನ್ನೂ ಹೊಲಿಗೆಯಲ್ಲೇ ಇತ್ತು.

“ನಾನೂ ದೊಡ್ಡದಽ ತಂದಿದ್ದೆ,” ಎಂದಳು.

ಇಬ್ಬರೂ ಆ ಸ್ಕರ್ಟನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತೆವು. ಮಗಳು ಹೋದ ಮೇಲೆ ಜೊತೆಯಾಗಿ ಅತ್ತದ್ದು ಅದೇ ಮೊದಲು. ಎಷ್ಟೋ ಹೊತ್ತಿನ ಮೇಲೆ ಕಸ್ತೂರಿ ಥಟ್ಟನೆ ತಲೆಯೆತ್ತಿ, ಎದೆಯ ಮೇಲೆ ಕೈಯಿಟ್ಟುಕೊಂಡಳು.

“ನಿಂತು ಹೋತಲ್ರೀ,” ಎಂದಳು.

ನನ್ನ ಮಾತು ಕೇಳಿದ ಆಘಾತಕ್ಕೆ ಬಿಕ್ಕಳಿಕೆ ನಿಂತುಹೋಗಿತ್ತು. ಒಲೆಯ ಮೇಲಿನ ರೊಟ್ಟಿ ಕರಕಾಗಿ ಹೊಗೆಯಾಡುತ್ತಿತ್ತು, ನಾವು ಏಳಲಿಲ್ಲ. ಇನ್ನೊಂದು ಬಿಕ್ಕು ಬಂದೀತೇನೋ ಎಂದು ಇಬ್ಬರೂ ಉಸಿರು ಬಿಗಿಹಿಡಿದು ಕಾಯುತ್ತ ಕೂತೆವು.